ಹೊರಗ ಬಂದು ಮಾತಾಡ್ರಿ

ಇವತ್ತು ಬೆಳಿಗ್ಗೆ ಎದುರು ಮನೆಯಿಂದ ಒಗ್ಗರಣೆ ಸೀದ ವಾಸನೆ ಬಂತು. ಬಾಗಿಲಿಗೆ ಬಂದು ನೋಡಿದರೆ ಆ ಮನೆಯ ಹೆಣ್ಣುಮಗಳು ಫೋನು ಕಿವಿಗಿಟ್ಟುಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು ಅಂಗಳದಲ್ಲಿ ನಿಂತಿದ್ದಾಳೆ. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಹೋಗಿ ಕೇಳಿದರೆ ಏನೂ ಇಲ್ಲ, ತಂಗಿಯ ಜೊತೆ ಒಂದು ಸೀರೆಯ ಮಾತು, ಅತ್ತೆಗೆ ಕೇಳಿಸಬಾರದಂತೆ ಅಷ್ಟೇ. ಈ ವಯಸ್ಸಿನಲ್ಲಿ ಬೀದಿ ದಾಟಿ ಓಡಿದ ನನ್ನನ್ನು ನೋಡಿ ಆಕೆಗೆ ನಗು. ನಗಲಿ ಬಿಡಿ. ಆದರೆ ಫೋನು ಹಿಡಿದು ಮನೆಯಿಂದ ಹೊರಗೆ ಬರುವವರನ್ನು ಕಂಡರೆ ನನಗೆ ಯಾಕೆ ಹೀಗಾಗುತ್ತದೆ ಅನ್ನುವುದನ್ನು ನಿಮಗಾದರೂ ಹೇಳಬೇಕು.

ನಿವೃತ್ತಿಯಾಗುವ ತನಕ ನನ್ನ ಅನ್ನವೇ ಫೋನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಕಡೆ ಯಾರಿಗೆ ಹಾವು ಕಚ್ಚಲಿ, ಯಾರ ಬಣವೆಗೆ ಬೆಂಕಿ ಬೀಳಲಿ, ಕರೆ ಬರುತ್ತಿದ್ದದ್ದು ಒಂದೇ ಕೊಠಡಿಗೆ. ಆ ಕೊಠಡಿಗೆ ನಾನು ಮುಖ್ಯಸ್ಥೆ. ಫೋನು ಎತ್ತುವವರು, ಆಂಬುಲೆನ್ಸ್ ಗಾಡಿ ಕಳಿಸುವವರು ಎಲ್ಲ ನನ್ನ ಕೈಕೆಳಗೆ. ನನ್ನದು ಹುಟ್ಟಿನಿಂದ ದೊಡ್ಡ ಗಂಟಲು. ಕೊಟ್ಟೂರಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ನಮ್ಮ ಯಜಮಾನರು, "ನಿನಗ್ಯಾಕ ಫೋನು, ಕಿಟಕಿ ತಗದು ಕೂಗಿದ್ರ ಹರಪನಹಳ್ಳಿಗೆ ಕೇಳ್ತೈತಿ" ಅನ್ನುತ್ತಿದ್ದರು.

ಫೋನು ಎತ್ತಿದವರ ಮುಂದೆ ಪ್ರಶ್ನೆಗಳ ಒಂದು ಹಾಳೆ ಇರುತ್ತಿತ್ತು. ಉಸಿರಾಟ ಹೇಗಿದೆ, ಎಚ್ಚರ ಇದೆಯೇ, ಎದೆ ನೋವೇ. ಉತ್ತರಗಳನ್ನು ಗಣಕಯಂತ್ರಕ್ಕೆ ಹಾಕಿದರೆ ಅದು ಕೆಂಪು ಇಲ್ಲವೇ ಹಳದಿ ತೋರಿಸುತ್ತಿತ್ತು. ಕೆಂಪಾದರೆ ಗಾಡಿ ತಕ್ಷಣ. ಹಳದಿಯಾದರೆ ಕೆಂಪಿನವರದು ಮುಗಿದ ಮೇಲೆ.

ನಮ್ಮಲ್ಲಿ ಶರಣಮ್ಮ ಅಂತ ಒಬ್ಬಳಿದ್ದಳು, ತಂಬ್ರಹಳ್ಳಿಯವಳು. ಹಾಳೆಯ ಮೊದಲ ಪ್ರಶ್ನೆ ಕೇಳುವುದಕ್ಕೂ ಮುಂಚೆ ಆಕೆ ಒಂದು ಮಾತು ಹೇಳುತ್ತಿದ್ದಳು: "ಹೊರಗ ಬಂದು ಮಾತಾಡ್ರಿ." ಅತ್ತ ಕಡೆಯವರು ಎದ್ದು, ಬಾಗಿಲು ದಾಟಿ ಬರುವ ತನಕ ಸುಮ್ಮನೆ ಕಾಯುತ್ತಿದ್ದಳು. ಅವಳನ್ನು ನೋಡಿ ಉಳಿದವರೂ ಕಲಿತರು. ಒಂದು ದಿನ ಮೇಲಿನವರ ಸಭೆಯಲ್ಲಿ ನಮ್ಮ ಕೊಠಡಿಯ ಕರೆಗಳು ಉದ್ದವಾಗುತ್ತಿವೆ ಅಂತ ನನಗೆ ಮುಖಭಂಗವಾಯಿತು. ಬಂದವಳೇ ಶರಣಮ್ಮನನ್ನು ಕರೆದೆ.

"ಏನಿದು ನಿನ್ನ ಹೊರಗ ಬರ್ರಿ, ಒಳಗ ಹೋಗ್ರಿ?"

"ಮೇಡಂ, ಮಗ್ಗಲದಾಗ ಮಲಗಿದ ಗಂಡ ಕೇಳಿಸ್ಕಂತಿರ್ತಾನ. ಅವನ ಮುಂದ ಕುಂತು, ಸಾಯಾಕತ್ಯಾನ ಅಂತ ಯಾವ ಹೆಣ್ಮಗಳು ಬಾಯಿಬಿಟ್ಟು ಅಂತಾಳ್ರಿ? ಅಂದ್ರ ಅಸ್ತು ದೇವತಿ ಅಸ್ತು ಅಂತಾಳಂತ ಹೆದರಿಕಿ. ಏನಿಲ್ರಿ, ಒಂದೀಟು ಸಂಕಟ ಅಂತಾರ. ಹೊರಗ ಬಂದ್ರ ಖರೇ ಹೇಳ್ತಾರ."

ನಾನು ಹರಪನಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ನಮ್ಮವ್ವ ಕೂಡ ದೀಪ ಆರಿತು ಅನ್ನುತ್ತಿರಲಿಲ್ಲ, ದೀಪ ದೊಡ್ಡದಾಯಿತು ಅನ್ನುತ್ತಿದ್ದಳು. ಶರಣಮ್ಮ ಹೇಳಿದ್ದು ನನಗೆ ಗೊತ್ತಿಲ್ಲದ ಮಾತೇನಲ್ಲ. ಆದರೂ ಕುರ್ಚಿಯಲ್ಲಿ ಕೂತವರಿಗೆ ಗೊತ್ತಿದ್ದದ್ದೂ ಮರೆಯುತ್ತದೆ ನೋಡಿ. "ನಿನ್ನ ಪುರಾಣ ಸಾಕು, ಹಾಳಿಯಾಗ ಇದ್ದಷ್ಟು ಕೇಳು" ಅಂದೆ. ಅಷ್ಟಕ್ಕೆ ಬಿಡದೆ, ಇನ್ನು ಮುಂದೆ ಆ ಮಾತು ಆಡಕೂಡದು ಅಂತ ಎಲ್ಲರಿಗೂ ಬರಹದಲ್ಲೇ ಕೊಟ್ಟೆ. ಶರಣಮ್ಮ ಸಹಿ ಹಾಕಿದಳು. ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ಹೋದಳು. ನಾನು ಹೋಗಬೇಡ ಅನ್ನಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಹಿರೇಹಡಗಲಿ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಅದೇ ಹೊತ್ತಿಗೆ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಒಬ್ಬನದೂ ಬಂತು. ಆ ಕಡೆಗೆ ಇದ್ದದ್ದು ಒಂದೇ ಗಾಡಿ. ಆ ಎರಡೂ ಕರೆಗಳ ಧ್ವನಿಮುದ್ರಣವನ್ನು ನಾನು ಆಮೇಲೆ ಕೇಳಿದ್ದೇನೆ. ಕಾಲು ಮುರಿದವನು ಸಾಯ್ತೀನಿ, ಸಾಯ್ತೀನಿ ಅಂತ ಕೂಗಿದ. ಸಾಯುತ್ತಿದ್ದವನ ಹೆಂಡತಿ, "ಏನಿಲ್ರಿ, ಒಂದೀಟು ಸಂಕಟ ಆಗೇತಿ ಅವ್ರಿಗೆ, ಬಂದ್ರ ಚಲೋ ಆಗ್ತಿತ್ತು" ಅಂದಳು. ಉಸಿರಾಟ ಹೇಗಿದೆ ಅಂತ ನಮ್ಮವರು ಕೇಳಿದರು. "ಆಡ್ತಾರ್ರಿ, ಚಲೋ ಅದಾರ" ಅಂದಳು. ಅವನಿಗೆ ಕೆಂಪು, ಇವಳಿಗೆ ಹಳದಿ. ಗಾಡಿ ಅಲ್ಲಿಗೆ ಹೋಗಿ ಇಲ್ಲಿಗೆ ಬರುವಷ್ಟರಲ್ಲಿ ಮುಗಿದಿತ್ತು. ತೀರಿಕೊಂಡಾತ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದವನು.

ವರದಿ ಬರೆಯಬೇಕಾದವಳು ನಾನು. "ಕರೆ ಮಾಡಿದವರು ರೋಗಿಯ ಸ್ಥಿತಿಯನ್ನು ಸರಿಯಾಗಿ ತಿಳಿಸಲಿಲ್ಲ" ಅಂತ ಬರೆದೆ. ಅದರಲ್ಲಿ ಸುಳ್ಳಿನ ಒಂದಕ್ಷರ ಇರಲಿಲ್ಲ. ಅದೇ ವಾರ ಯಾರಿಗೂ ಕಾರಣ ಹೇಳದೆ ಶರಣಮ್ಮನ ಮಾತನ್ನು ಹಾಳೆಯ ಮೊದಲ ಸಾಲಾಗಿ ಸೇರಿಸಿದೆ. ಮುಂದಿನ ಸಭೆಯಲ್ಲಿ ಅದನ್ನು ನನ್ನ ಸುಧಾರಣೆ ಅಂತ ಹೊಗಳಿದರು. ನಾನು ತಲೆ ಬಗ್ಗಿಸಿ ಕೂತೆ. ವಿನಯ ಅಂದುಕೊಂಡಿರಬೇಕು.

ತೀರಿಕೊಂಡವನ ತಮ್ಮ ಅತ್ತಿಗೆಯನ್ನು ಕರೆದುಕೊಂಡು ಕಚೇರಿಗೆ ಬಂದ. ಆಕೆ ಒಳಗೆ ಬಾರದೆ ಬಾಗಿಲಲ್ಲೇ ನಿಂತಳು. "ಗಾಡಿ ಯಾಕ ತಡ ಆತ್ರಿ?" ಅಂತ ಆತ ಕೇಳಿದ. ನಾನು ವರದಿ ತೆಗೆದು ಆ ಸಾಲು ಓದಿದೆ. ಆತ ಹಿಂದಕ್ಕೆ ತಿರುಗಿದ.

"ಕೇಳಿದ್ಯಾ ಅತ್ತಿಗೆವ್ವ? ನೀ ಸರಿಯಾಗಿ ಹೇಳಿದ್ದಿಲ್ಲಂತ."

ಆಕೆ ಆತನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಅವ್ರು ನನ್ನ ಮಾರಿನ ನೋಡಾಕತ್ತಿದ್ರು. ಹೆಂಗ ಅನ್ಲಿ?" ಅಂದಳು.

ಆಗ ನಾನು ಹೇಳಬೇಕಿತ್ತು. ನಿನ್ನ ತಪ್ಪಲ್ಲ ತಾಯಿ, ನಿನ್ನನ್ನು ಹೊರಗೆ ಕರೆಯುವ ಒಂದು ಮಾತಿತ್ತು, ಅದನ್ನು ಕಿತ್ತು ಹಾಕಿದವಳು ನಾನು ಅಂತ. ಮೇಜಿನ ಮೇಲಿನ ಕಾಗದ ಜೋಡಿಸುತ್ತಾ ಕೂತೆ. ಅವರು ಮೆಟ್ಟಿಲಿಳಿದು ಹೋದರು.

ಎರಡು ತಿಂಗಳ ಹಿಂದೆ ನಮ್ಮ ಯಜಮಾನರು ಊಟ ಮಾಡಿ ಎದ್ದವರು ಗೋಡೆ ಹಿಡಿದು ಕೂತುಬಿಟ್ಟರು. ಮೈಯೆಲ್ಲ ಬೆವರು, ತುಟಿ ಕಪ್ಪಗಾಗಿತ್ತು. ಪಕ್ಕದಲ್ಲೇ ಕೂತು ಫೋನು ಮಾಡಿದೆ. ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ಇಷ್ಟು ವರ್ಷ ಆ ಹಾಳೆಯನ್ನು ಆಳಿದವಳು ನಾನು, ಯಾವ ಉತ್ತರಕ್ಕೆ ಯಾವ ಬಣ್ಣ ಅಂತ ಬಾಯಿಪಾಠ ಇದ್ದವಳು. ನನ್ನ ಬಾಯಿಂದ ಏನು ಬಂತು ಗೊತ್ತೇ? "ಏನಿಲ್ಲಮ್ಮ, ನಮ್ಮ ಮನಿಯವ್ರಿಗೆ ಒಂದೀಟು ಸಂಕಟ ಆಗೇತಿ."

ಅತ್ತಲಿಂದ ಒಂದು ಎಳೆಯ ದನಿ, "ಅಮ್ಮಾರ, ಹೊರಗ ಬಂದು ಮಾತಾಡ್ರಿ" ಅಂದಿತು.

ಬರಿಗಾಲಲ್ಲಿ ಅಂಗಳಕ್ಕೆ ಬಂದೆ. "ಈಗ ಹೇಳ್ರಿ." ಗೋಡೆಗೆ ಮುಖ ಮಾಡಿಕೊಂಡು, ನನ್ನ ದೊಡ್ಡ ಗಂಟಲನ್ನು ಹಿಚುಕಿ ಹಿಡಿದು ಹೇಳಿದೆ, "ಉಳಿಯಾಂಗ ಕಾಣಂಗಿಲ್ಲಮ್ಮ. ಲಗೂನ ಕಳಸು." ಗಾಡಿ ಬಂತು. ಉಳಿದರು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಸಂಜೆ ಅವರು ಕೇಳಿದರು, "ಅವತ್ತು ಹೊರಗ ಹೋಗಿ ಏನಂದಿ?"

"ಏನಿಲ್ಲ, ಒಂದೀಟು ಸಂಕಟ ಅಂದೆ."

"ಅಷ್ಟಕ್ಕ ಗಾಡಿ ಹಂಗ ಓಡಿ ಬಂತಾ?"

ನನಗೆ ಅಳು ತಡೆಯಲಾಗಲಿಲ್ಲ. ಯಾರಿಗೂ ಹೇಳದಿದ್ದದ್ದನ್ನೆಲ್ಲ ಅವರಿಗೆ ಹೇಳಿದೆ. ಆಮೇಲೆ, "ಆಕಿ ಇನ್ನಾ ಹಂಗ ತಿಳ್ಕಂಡಿರ್ತಾಳಲ್ಲ, ತಾನ ಕೊಂದೆ ಅಂತ" ಅಂದರು. ಅವತ್ತಿನಿಂದ ಆ ಮಾತು ನನ್ನನ್ನು ಊಟ ಮಾಡಲು ಬಿಟ್ಟಿಲ್ಲ. ನಾಳೆ ಆಕೆಯ ಮನೆಗೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಅನ್ನುತ್ತಾ ಒಂದು ತಿಂಗಳು ತಳ್ಳಿದೆ.

ಇವತ್ತು ಎದುರು ಮನೆಯಿಂದ ತಿರುಗಿ ಬಂದವಳು ಮೆಟ್ಟಿದ ಚಪ್ಪಲಿ ಬಿಡಲಿಲ್ಲ. ಚೀಲ ತೆಗೆದುಕೊಂಡು ನೇರ ಬಸ್ ನಿಲ್ದಾಣಕ್ಕೆ ಬಂದು ಕೂತಿದ್ದೇನೆ. ಹಡಗಲಿ ಬಸ್ಸು ಇನ್ನೂ ಬಂದಿಲ್ಲ, ಅದಕ್ಕೇ ನಿಮ್ಮ ಹತ್ತಿರ ಇಷ್ಟು ಮಾತು. ಆಕೆ ಬಾಗಿಲು ತೆಗೆದರೆ, ಹೊರಗೆ ಬಾ, ಒಂದು ಮಾತಿದೆ ಅಂತ ಕರೆಯುವುದು ಸುಲಭ. ಆದರೆ ಈ ಮಾತನ್ನು ಹೊರಗೆ ನಿಂತು ಆಡುವ ಹಾಗಿಲ್ಲ. ಒಳಗೆ ಹೋಗಿ, ಆ ಮೈದುನನನ್ನೂ ಕೂರಿಸಿ, ಮನೆಯವರೆಲ್ಲರಿಗೂ ಕೇಳುವ ಹಾಗೆ ಹೇಳಬೇಕು. ನನ್ನ ದೊಡ್ಡ ಗಂಟಲು ಅದಕ್ಕಾದರೂ ಆಗಲಿ.