ಡ್ಯೂಟಿ ಮುಗಿದ ಮೇಲೆ

ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿಂದ ಮರಳಿ ಬಂದು ಬೀಗವನ್ನು ಒಮ್ಮೆ ಜಗ್ಗಿ ನೋಡುವವರ ಸಂಘವೊಂದು ಇದ್ದಿದ್ದರೆ ನಾನು ಅದರ ಆಜೀವ ಸದಸ್ಯನಾಗಿರುತ್ತಿದ್ದೆ. ಸದಸ್ಯತ್ವದ ರಸೀದಿಯನ್ನು ಎಲ್ಲಿಟ್ಟೆನೆಂದು ಆಜೀವ ಹುಡುಕುತ್ತಲೂ ಇರುತ್ತಿದ್ದೆ. ಎದುರುಮನೆಯ ಯಜಮಾನರು ಈಗೀಗ ನಾನು ತಿರುವಿನಲ್ಲಿ ಕಾಲು ನಿಧಾನಿಸಿದೊಡನೆ ಜಗಲಿಯಿಂದಲೇ ಕೈಬೀಸಿ, ಬೀಗ ಬಿದ್ದಿದೆ, ಹೋಗಿಬನ್ನಿ ಎಂದು ಸನ್ನೆ ಮಾಡುತ್ತಾರೆ. ಅವರ ಸನ್ನೆಯನ್ನು ನಂಬದೆ ನಾನು ತಿರುಗಿ ಬರುತ್ತೇನೆ. ಎಲ್ಲವನ್ನೂ ಸಂಶಯಿಸು ಎಂದು ವಿಶ್ವವಿದ್ಯಾಲಯ ಕಲಿಸಿತು. ವಿಧೇಯ ವಿದ್ಯಾರ್ಥಿಯಾದ ನಾನು ನನ್ನಿಂದಲೇ ಪ್ರಾರಂಭಿಸಿದೆ.

ಆದರೆ ಒಂದು ನೆನಪನ್ನು ಮಾತ್ರ ನಾನು ಎಂದೂ ಜಗ್ಗಿ ನೋಡಿರಲಿಲ್ಲ. ನರ್ಸಿಂಗ್ ಪದವಿ ಮುಗಿಸಿ, ನೋಂದಣಿ ಪಡೆದು, ದೊಡ್ಡಬಳ್ಳಾಪುರದ ಪುಟ್ಟ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳ ನೆನಪು ಅದು. ಬೆಳಗಿನ ಡ್ಯೂಟಿ ಮುಗಿಸಿ ಮಧ್ಯಾಹ್ನ ಅಕ್ಕನ ಮನೆಗೆ ಬಂದವನು, ರೋಗಿಗಳ ಮೇಲಿನ ಮಮತೆ ತಡೆಯಲಾರದೆ ಮತ್ತೆ ಸೈಕಲ್ ಹತ್ತಿ ಆಸ್ಪತ್ರೆಗೆ ಹೋಗುತ್ತಿದ್ದೆ. ಈಗ ನೆಲಮಂಗಲದ ಕಡೆಯ ಕಾಲೇಜಿನಲ್ಲಿ ನರ್ಸಿಂಗ್ ಪಾಠ ಹೇಳುವ ನಾನು, ಪ್ರತಿವರ್ಷದ ಬೀಳ್ಕೊಡುಗೆಯಲ್ಲಿ ಈ ಪ್ರಸಂಗವನ್ನು ತಪ್ಪದೆ ನಿವೇದಿಸುತ್ತೇನೆ. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡದ್ದನ್ನೂ ಕಂಡಿದ್ದೇನೆ. ಆಗತಾನೇ ನಿದ್ದೆಯಿಂದ ಎದ್ದು ಒರೆಸಿಕೊಂಡರೋ ಏನೋ, ಆಳವಾಗಿ ವಿಚಾರಿಸಲು ಹೋಗಲಿಲ್ಲ.

ಹೀಗಿರುವಾಗ ಅಕ್ಕನ ಮಗಳು ಪವಿತ್ರಾಳೂ ನರ್ಸ್ ಆದಳು. ನೋಂದಣಿ ಪತ್ರ ಕೈಗೆ ಬಂದ ಕೆಲವೇ ದಿನಗಳಲ್ಲಿ ಎರಡು ಕಡೆಯಿಂದ ಕರೆ ಬಂತು. ಒಂದು, ದೊಡ್ಡಬಳ್ಳಾಪುರದಲ್ಲೇ ಅವಳ ಮನೆಯಿಂದ ನಡೆದುಹೋಗುವಷ್ಟು ದೂರದ ಚಿಕ್ಕ ಆಸ್ಪತ್ರೆ. ಸಂಬಳ ಚೆನ್ನಾಗಿದೆ, ಎರಡನೆಯ ದಿನವೇ ಒಂದು ವಾರ್ಡು ಅವಳದ್ದು. ಇನ್ನೊಂದು, ದೇವನಹಳ್ಳಿ ಕಡೆಯ ದೊಡ್ಡ ಆಸ್ಪತ್ರೆ. ಅಲ್ಲಿಗೆ ಬಸ್ಸಿನ ಪ್ರಯಾಣ, ಮೂರು ತಿಂಗಳು ಹಿರಿಯ ನರ್ಸೊಬ್ಬರ ಪಕ್ಕದಲ್ಲೇ ನಿಂತು ಕೆಲಸ ಮಾಡಬೇಕು, ಅಲ್ಲಿಯವರೆಗೆ ಸಂಬಳವೂ ಕಡಿಮೆ. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಹುಡುಗಿ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ಬಂದು ಬುದ್ಧಿ ಹೇಳು ಎಂದು ಅಕ್ಕ ಕರೆದಳು. ಬುದ್ಧಿ ಹೇಳಲು ಕರೆದರೆ ನಾನು ಬೀಗವನ್ನು ಸಹ ನೋಡದೆ ಹೊರಡುವವನು.

ಅಕ್ಕನ ಮನೆಯ ಮುಂಭಾಗದಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ಅವುಗಳ ಸದ್ದಿನಲ್ಲಿ ಪಿಸುಮಾತೆಂಬುದಿಲ್ಲ. ನಮ್ಮ ವಂಶದ ಗುಟ್ಟುಗಳೆಲ್ಲ ಕೂಗಿ ಹೇಳಿದಂಥವೇ. ನಾನೂ ಕೂಗಿಯೇ ಉಪದೇಶಿಸಿದೆ. ಎರಡನೆಯ ದಿನವೇ ವಾರ್ಡು ಒಪ್ಪಿಸುವುದು ನಂಬಿಕೆಯ ಲಕ್ಷಣ, ಮೂರು ತಿಂಗಳು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ಅನುಮಾನದ ಲಕ್ಷಣ ಎಂದೆ. ಸಣ್ಣ ಆಸ್ಪತ್ರೆಯಲ್ಲೇ ಮನುಷ್ಯಸಂಬಂಧ ಬೆಳೆಯುವುದೆಂದು ಹೇಳಿ, ಉದಾಹರಣೆಯಾಗಿ ನನ್ನ ಸೈಕಲ್ ಪ್ರಸಂಗವನ್ನು ಬೀಳ್ಕೊಡುಗೆಯ ಧಾಟಿಯಲ್ಲಿ ಬಿಚ್ಚಿದೆ. ಪವಿತ್ರಾ ತಲೆದೂಗಿದಳು. ಊರಿನ ಆಸ್ಪತ್ರೆಗೆ ಒಪ್ಪಿಗೆ ತಿಳಿಸಲೆಂದು ಫೋನನ್ನೂ ಕೈಗೆತ್ತಿಕೊಂಡಳು.

ಆಗ ಮಗ್ಗಗಳು ನಿಂತವು. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಇದರ ಅರ್ಥ ಗೊತ್ತು: ಊಟಕ್ಕೆ ಕರೆದರೂ, ನೆಂಟರು ಬಂದರೂ ನಿಲ್ಲದ ಮಗ್ಗ ನಿಂತಿತೆಂದರೆ ಒಂದೋ ಕರೆಂಟು ಹೋಗಿದೆ, ಇಲ್ಲವೇ ಯಾರೋ ಮಾತಾಡಬೇಕೆಂದಿದ್ದಾರೆ. ತಲೆಯ ಮೇಲೆ ಬಲ್ಬು ಉರಿಯುತ್ತಲೇ ಇತ್ತು.

“ಮಮತೆಯಂತೆ ಮಮತೆ,” ಎಂದಳು ಅಕ್ಕ. “ಗ್ಲೂಕೋಸ್ ನಿಲ್ಸಿದ್ನೋ ಇಲ್ವೋ, ಇಂಜೆಕ್ಷನ್ ಕೊಟ್ನೋ ಇಲ್ವೋ ಅಂತ ನೋಡೋಕ್ ಓಡ್ತಿದ್ದೆ ಕಣೋ ನೀನು. ತಟ್ಟೆ ಮುಂದೆ ಕೂತಿರೋನು ಎದ್ದು ಹೋಗ್ಬಿಡ್ತಿದ್ದೆ. ಒಂದಿನ ಕೈಯೂ ತೊಳೀದೆ ಹೋಗಿದೀಯ, ಸೈಕಲ್ ಹ್ಯಾಂಡಲ್ ತುಂಬಾ ಮುದ್ದೆ. ಒರೆಸಿದ್ದು ನಾನು.”

ನಾನು ಸುಶಿಕ್ಷಿತ ಸಂದೇಹವಾದಿ. ನಿನ್ನ ನೆನಪೇ ಸರಿಯೆನ್ನುವುದಕ್ಕೆ ಪ್ರಮಾಣವೇನೆಂದು ಕೇಳಿದೆ. ಅಕ್ಕ ಪ್ರಮಾಣ ಒದಗಿಸುವ ಗೋಜಿಗೆ ಹೋಗದೆ, ಅಷ್ಟೊಂದು ಅನುಮಾನವಿದ್ದರೆ ಅಲ್ಲೇ ಯಾರನ್ನಾದರೂ ಕೇಳಿಕೊಂಡು ಬರಬಹುದಿತ್ತಲ್ಲ ಎಂದಳು. ಕೇಳಲು ಯಾರಿದ್ದರು? ನನ್ನ ಪಾಳಿಯಲ್ಲಿ ಮೇಲಿನ ಅಂತಸ್ತಿನ ವಾರ್ಡಿಗೆಲ್ಲ ನಾನೊಬ್ಬನೇ. ಆ ಪ್ರಶ್ನೆಯ ಹಿಂದೆಯೇ, ಎಷ್ಟೋ ವರ್ಷ ಯಾವ ಮೂಲೆಯಲ್ಲಿತ್ತೋ ತಿಳಿಯದು, ಒಬ್ಬ ಮುದುಕರ ಮುಖ ಎದ್ದುಬಂತು. ಅವರ ವಿಷಯವನ್ನು ಅಕ್ಕನಿಗೂ ಪವಿತ್ರಾಳಿಗೂ ಹೇಳತೊಡಗಿದೆ.

ಅವರೂ ನೇಕಾರರೇ, ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಅವರಿಗೆ ಇನ್ಸುಲಿನ್ ಕೊಟ್ಟೆನೋ ಇಲ್ಲವೋ ಎಂಬ ಸಂಶಯದಲ್ಲಿ ಒಂದು ಮಧ್ಯಾಹ್ನ ಸೈಕಲ್ ತುಳಿದು ಏದುಸಿರು ಬಿಡುತ್ತ ವಾರ್ಡಿಗೆ ಬಂದಿದ್ದೆ. ಔಷಧಿ ಕೊಟ್ಟದ್ದನ್ನು ಗುರುತುಹಾಕುವ ಚೀಟಿಯಲ್ಲಿ ನನ್ನ ಸಹಿ ಇತ್ತು. ಆದರೆ ಕೊಟ್ಟ ಮೇಲೆ ಸಹಿ ಹಾಕಿದೆನೋ, ಸಹಿ ಹಾಕಿ ಕೊಡುವುದನ್ನು ಮರೆತೆನೋ? ಬೇರೆ ದಾರಿ ಕಾಣದೆ ಅವರನ್ನೇ ಕೇಳಿದೆ: “ತಾತ, ನಾನು ನಿಮಗೆ ಸೂಜಿ ಹಾಕಿದ್ನಾ?”

ತಾತ ಬಹಳ ಕರುಣೆಯಿಂದ ನನ್ನನ್ನು ನೋಡಿದರು. “ಹಾಕ್ದಂಗಿತ್ತು ಕಣಪ್ಪಾ. ನಿಂಗೆ ಸಮಾಧಾನ ಇಲ್ದಿದ್ರೆ ಇನ್ನೊಂದ್ ಹಾಕ್ಬಿಡು,” ಎಂದು ತೋಳು ಚಾಚಿದರು.

ನಾನು ಹಾಕಲಿಲ್ಲ. ಆ ಇಡೀ ಮಧ್ಯಾಹ್ನ ಅವರ ಮಂಚದ ಪಕ್ಕದಲ್ಲೇ ಕುಳಿತು, ಬೆರಳು ಚುಚ್ಚಿ ಸಕ್ಕರೆ ನೋಡುತ್ತಾ, ಬೆವರಿದರೇ ಎಂದು ಹಣೆ ಮುಟ್ಟುತ್ತಾ ಕಳೆದೆ. ಬೆವರುತ್ತಿದ್ದವನು ನಾನೊಬ್ಬನೇ. ಎಂಥ ಒಳ್ಳೆ ಹುಡುಗ, ಬಿಡುವಿನಲ್ಲೂ ಬಂದು ಕೂರುತ್ತಾನೆ ಎಂದು ತಾತ ಬಂದವರಿಗೆಲ್ಲ ಹೇಳಿದರು. ನನ್ನ ಮಮತೆಯ ಕಥೆ ಹುಟ್ಟಿದ್ದು ಬಹುಶಃ ಅಲ್ಲೇ, ಅವರ ಬಾಯಲ್ಲಿ. ನಾನು ಅದನ್ನು ಎತ್ತಿಕೊಂಡು ಬಂದು ಸಾಕಿದೆ, ಅಷ್ಟೆ. ಅಕ್ಕನ ಮಾತು ಕೇಳಿದ ಮೇಲೆ ಇದನ್ನೂ ನಾನು ಕಲ್ಪಿಸಿಕೊಂಡಿರಬಹುದು ಎಂಬ ಸಂಶಯ ಬಾರದೆ ಇರಲಿಲ್ಲ. ಆದರೆ ಹೇಳುತ್ತಾ ಹೇಳುತ್ತಾ ಅಂಗೈ ಒದ್ದೆಯಾಗಿತ್ತು, ಕಲ್ಪನೆಗೆ ಅಷ್ಟೊಂದು ಬೆವರು ಬರುತ್ತದೆಯೆಂದು ನನಗೆ ನಂಬಿಕೆಯಿಲ್ಲ.

ಪವಿತ್ರಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು. “ಮಾಮ, ನಂಗೂ ಹಂಗೇ ಆದ್ರೆ ಯಾರನ್ನ ಕೇಳ್ಲಿ?” ಎಂದಳು. ಆಸ್ಪತ್ರೆಯವರನ್ನೇ ಕೇಳು ಎಂದೆ.

ಅವಳು ಕೇಳಿದಳು. ಊರಿನ ಆಸ್ಪತ್ರೆಯವರು ಒಳ್ಳೆಯ ಜನ, ಬಲು ವಿನಯದಿಂದ ಮಾತಾಡಿದರು: ಇಷ್ಟು ಒಳ್ಳೆ ಅಂಕ ತೆಗೆದಿರುವ ನಿಮಗೆ ಜೊತೆಗೆ ಯಾರಮ್ಮಾ ಬೇಕು? ಇದೇ ಹೊಗಳಿಕೆಗೆ ಒಂದು ಕಾಲದಲ್ಲಿ ನಾನು ಉಬ್ಬಿಹೋಗಿ ಸೈಕಲ್ ಹತ್ತಿದ್ದೆ. ಅವಳು ಧನ್ಯವಾದ ಹೇಳಿ ಫೋನ್ ಇಟ್ಟು, ದೇವನಹಳ್ಳಿ ಕಡೆಗೆ ಒಪ್ಪಿಗೆ ತಿಳಿಸಿದಳು. ನನ್ನ ಸಲಹೆ ಹೀಗೆ ಬಹಿರಂಗವಾಗಿ ತಿರಸ್ಕೃತವಾದದ್ದಕ್ಕೆ ಮುಖ ಸಣ್ಣದಾಗಬೇಕಿತ್ತು. ಬದಲಿಗೆ ಅವಳ ಬೆನ್ನಿನಿಂದ ಯಾರೋ ಒಂದು ಮೂಟೆ ಇಳಿಸಿದ ಹಾಗೆ ಹಗುರವಾದೆ. ಆ ಮೂಟೆ ಹೊರಿಸಲು ಹೋಗಿದ್ದವನು ನಾನೇ ತಾನೇ.

ಅವಳು ಮೊದಲ ಸಲ ತನ್ನ ಕೈಯಿಂದ ಔಷಧಿ ಕೊಟ್ಟ ದಿನ ಮಧ್ಯಾಹ್ನ ನಾನು ಅಕ್ಕನಿಗೆ ಫೋನ್ ಮಾಡಿದೆ. ಬಂದಳು, ಉಂಡಳು, ಮಲಗಿದ್ದಾಳೆ ಎಂದಳು ಅಕ್ಕ. ಮಧ್ಯದಲ್ಲಿ ಎದ್ದು ಹೋಗಲಿಲ್ಲವೇ ಎಂದು ಕೇಳಿದೆ.

“ಯಾಕೋ ಹೋಗ್ತಾಳೆ? ಇವ್ಳು ಕೊಟ್ಟಿದ್ದನ್ನ ಆ ದೊಡ್ಡ ಸಿಸ್ಟರ್ ಪಕ್ಕದಲ್ಲೇ ನಿಂತು ನೋಡಿ, ಇವ್ಳ ಸೈನ್ ಕೆಳಗೆ ಅವ್ರೂ ಸೈನ್ ಹಾಕಿದಾರಂತೆ. ಮೆತ್ತಗ್ ಮಾತಾಡು, ಎದ್ಬಿಟ್ಟಾಳು.”

ಆ ಎರಡನೆಯ ಸಹಿಯನ್ನು ನಾನು ಕಂಡಿಲ್ಲ, ಹಾಕಿದವರ ಹೆಸರೂ ನನಗೆ ಗೊತ್ತಿಲ್ಲ. ಆದರೂ ಇನ್ನೊಮ್ಮೆ ಫೋನ್ ಮಾಡಿ ವಿಚಾರಿಸಬೇಕೆಂದು ಅನ್ನಿಸಲಿಲ್ಲ. ಕೈ ತೊಳೆದುಕೊಂಡು ಊಟಕ್ಕೆ ಕುಳಿತೆ.