ಬ್ರೆಡ್ ತಿನ್ನೋ ಕೂಸಿಗೆ ಏನಾಗೈತಿ?

ಕಳೆದ ಸೋಮವಾರ ಬೆಳಿಗ್ಗೆ, ಊರಿನಿಂದ ಸಿಂಧನೂರಿನ ನಮ್ಮ ಮನೆಗೆ ಬಂದಿದ್ದ ಅವ್ವ ನನ್ನ ಮಗಳು ಜ್ಯೋತಿಯ ಟಿಫಿನ್ ಡಬ್ಬಿ ತೆರೆದು ನೋಡಿದವಳೇ ಗೋಡೆ ಹಿಡಿದು ಕೂತುಬಿಟ್ಟಳು.

ಡಬ್ಬಿಯಲ್ಲಿ ಹುಳ ಹುಪ್ಪಡಿ ಏನೂ ಇರಲಿಲ್ಲ. ಎರಡು ಪೀಸ್ ಬ್ರೆಡ್, ನಡುವೆ ಜಾಮ್.

'ಎಷ್ಟ ದಿನ ಆತು?' ಎಂದಳು.

'ಸಾಲಿ ಶುರುವಾದಾಗಿಂದ ಅದನ್ನ ಒಯ್ತಾಳ್ರಿ ಅತ್ತಿ' ಎಂದಳು ನನ್ನ ಹೆಂಡತಿ, ತುಸು ಹೆಮ್ಮೆಯಿಂದಲೇ.

'ಅವಾಗಿಂದ? ನನಗೊಂದು ಮಾತು ಹೇಳಬಾರ್ದೇನವಾ? ದವಾಖಾನ್ಯಾಗ ಏನಂದ್ರು?'

ನಮಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮೂರು ಪಾಮನಕಲ್ಲೂರಿನಲ್ಲಿ ಬ್ರೆಡ್ ಎಂದರೆ ಊಟವಲ್ಲ, ಪಥ್ಯ. ಜ್ವರ ಬಂದು ಮಲಗಿದವರಿಗೆ ಕೊಡುವುದು. ದವಾಖಾನೆಗೆ ಮಾತನಾಡಿಸಲು ಹೋಗುವವರು ಒಯ್ಯುವುದು. ಗಟ್ಟಿಯಾಗಿರುವವರು ಬ್ರೆಡ್ ತಿಂದದ್ದನ್ನು ಅವ್ವ ಕಂಡೇ ಇಲ್ಲ. ಅಂದಮೇಲೆ ದಿನಾ ಬ್ರೆಡ್ ತಿನ್ನುವ ಮೊಮ್ಮಗಳಿಗೆ ಎಂಥ ರೋಗ ಇರಬೇಕು?

'ಏನೂ ಆಗಿಲ್ಲ ಬೇ. ಈಗಿನ ಹುಡುಗ್ರು ಹಿಂಗ' ಎಂದೆ.

'ನೀ ಓದಿದಾಂವ. ಮುಚ್ಚಿಡಾಕ ಬರತೈತಿ ನಿನಗ.'

(ಓದಿದ್ದು ನಿಜ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ. ಅವ್ವ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದ ಒಣಗಿಸಿದ ಕಟಿರೊಟ್ಟಿಯ ಗಂಟೇ ರಾಯಚೂರಿನಲ್ಲಿ ನನ್ನನ್ನು ಓದಿಸಿತು.)

ಅವ್ವ ಅಂದೇ ಊರಿನ ಬಸ್ಸು ಹತ್ತಿದಳು. ಸಿಟ್ಟಾದಳು ಅಂದುಕೊಂಡೆವು. ಮರುದಿನ ಸಿಂಧನೂರಿಗೆ ವಾಪಸ್ ಬಂದಳು. ಒಂದು ಕೈಯಲ್ಲಿ ಅಯ್ಯನೋರು ಮಂತ್ರಿಸಿ ಕೊಟ್ಟ ದಾರ. ಇನ್ನೊಂದರಲ್ಲಿ ನಮ್ಮ ಹೊಲದ ಜೋಳದ ಹಿಟ್ಟು, ಬೆಳೆಯ ಸಾಲಿನಲ್ಲಿ ಕಿತ್ತ ಹಕ್ಕರಕಿ ಸೊಪ್ಪು.

ಜ್ಯೋತಿಯ ರಟ್ಟೆಗೆ ದಾರ ಕಟ್ಟಿದಳು. ಆಮೇಲೆ ಒಲೆಯ ಮುಂದೆ ಕೂತಳು. ಬಿಸಿ ರೊಟ್ಟಿಯನ್ನು ಬಳ್ಳೊಳ್ಳಿ, ಖಾರ, ಉಪ್ಪು, ಶೇಂಗಾ ಎಣ್ಣೆ ಹಾಕಿ ಕುಟ್ಟಿ ಮುಷ್ಟಿಯಲ್ಲಿ ಒತ್ತಿದಳು. ಮುಟಗಿ! ಆ ವಾಸನೆ ಬಂದರೆ ಹೊಟ್ಟೆ ತುಂಬಿದವನೂ ತಿರುಗಿ ನೋಡಬೇಕು. ನನಗೊಂದು, ಸೊಸೆಗೊಂದು ಕೊಟ್ಟಳು.

ಜ್ಯೋತಿ ಕೈ ಚಾಚಿದಳು. ರೊಟ್ಟಿ ಎಂದರೆ ಮಾರು ದೂರ ಓಡುವ ಹುಡುಗಿ!

'ನಿನಗ ಬ್ಯಾಡ ಕೂಸ. ನಿನಗ ಆರಾಮಿಲ್ಲ.'

'ನಾ ಆರಾಮ ಅದೀನಿ, ಆಯಿ.'

'ಆರಾಮಿದ್ದೋರು ಬ್ರೆಡ್ ತಿಂತಾರೇನು?'

ಹುಡುಗಿ ಅಂಗಳಕ್ಕಿಳಿದು ಒಂಟಿಕಾಲಲ್ಲಿ ಕುಣಿದು ತೋರಿಸಿದಳು. ಅವ್ವ ಹಣೆ ಮುಟ್ಟಿದಳು, ನಾಲಿಗೆ ಚಾಚಿಸಿ ನೋಡಿದಳು. ಕೊನೆಗೆ ಗೋಲಿಯಷ್ಟು ಮುಟಗಿ ಕೊಟ್ಟು, ಏನಾದರೂ ಆಗುತ್ತದೇನೋ ಎಂದು ಆಕೆಯ ಮುಖವನ್ನೇ ನೋಡುತ್ತ ಕೂತಳು. ಏನೂ ಆಗಲಿಲ್ಲ. ಇನ್ನೊಂದು ತುತ್ತು. ಆಮೇಲೆ ಹಸಿ ಹಕ್ಕರಕಿಯನ್ನೂ ಮಗಳು ಕರಕರ ಅಗಿದಳು.

'ಹಸಿವಿ ಐತಿ ಕೂಸಿಗೆ' ಎಂದು ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾನು ದಂಗಾದದ್ದು ಆಗಲೇ. ಅವ್ವನದು ನಾಟಕ ಅಂದುಕೊಂಡಿದ್ದೆ. ಅಲ್ಲ, ಆಕೆ ನಿಜಕ್ಕೂ ಮೊಮ್ಮಗಳು ಉಳಿಯುತ್ತಾಳೋ ಇಲ್ಲವೋ ಎಂದು ಅಂಜಿದ್ದಳು. ನಾವು ವಿಟಮಿನ್ ಅಂತ ಹೇಳಿ, ಬೈದು, ಚಾಕ್ಲೇಟಿನ ಆಸೆ ತೋರಿಸಿ ತಿನ್ನಿಸಲಾಗದ ರೊಟ್ಟಿಯನ್ನು ಆ ಅಂಜಿಕೆ ತಿನ್ನಿಸಿತ್ತು.

ತಪ್ಪು ತಿಳಿದವರು ಯಾರು, ಹೇಳಿ? ಕಾಲುವೆಗೆ ನೀರು ಬಂತು, ಭತ್ತ ಬಂತು, ಕೈಯಲ್ಲಿ ನಾಲ್ಕು ಕಾಸಾಡಿತು. ಸಂಜೆ ನಮ್ಮ ಬೇಕರಿಗಳ ಮುಂದೆ ನಿಂತು ನೋಡಿ. ಪಕ್ಕದ ಗೊರೇಬಾಳದ ರೈತನೂ ಹಿತ್ತಲ ಮೆಂತೆ, ಪುಂಡಿಪಲ್ಯ ಬಿಟ್ಟು ಮಕ್ಕಳಿಗೆ ಬ್ರೆಡ್ ಒಯ್ಯುತ್ತಾನೆ. ಗಟ್ಟಿಮುಟ್ಟಾದ ಮಕ್ಕಳಿಗೆ ದವಾಖಾನೆಯ ಊಟ! ಅದು ನಮಗೆ ದೊಡ್ಡಸ್ತಿಕೆ.

ಗುರುವಾರ ಜ್ಯೋತಿ ತಾನೇ ಕೇಳಿ ಮುಟಗಿ ಒಯ್ದಳು. ಶುಕ್ರವಾರ ಅವಳ ಕ್ಲಾಸಿನ ಮಿಸ್ ನನ್ನನ್ನು ಕರೆಸಿದರು.

'ಸರ್, ನೀವು ಎಜುಕೇಟೆಡ್ ಅದೀರಿ. ಬಳ್ಳೊಳ್ಳಿ ವಾಸನಿ ಕ್ಲಾಸ್ ತುಂಬ ಹೊಡಿತೈತಿ. ನಾಳಿಂದ ಮೊದಲಿನಂಗ ಬ್ರೆಡ್ಡೇ ಕಳಸ್ರಿ.'

ಯಾವೂರು ನಿಮ್ಮದು ಎಂದು ಕೇಳಿದೆ. ಗುರುಗುಂಟಾ ಎಂದರು. ಅಪ್ಪಟ ಜೋಳದ ಸೀಮೆ.

ಜ್ಯೋತಿ ನನ್ನ ಬೆರಳು ಹಿಡಿದು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗೇಟು ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

'ಅಪ್ಪಾ, ಮಿಸ್‌ಗೆ ಅವರ ಆಯಿ ಮುಟಗಿ ಮಾಡಿ ಕೊಟ್ಟೇ ಇಲ್ಲೇನು?'