ರೀಸ್ಟಾರ್ಟ್ ಒತ್ತದ ಲೋಲಾಕ್ಷಿ

ಹೊರಗೆ ನವಿ ಮುಂಬೈಯ ಮಹಾಪೆಯಲ್ಲಿ ಮೇ ತಿಂಗಳ ಬೆಳಗು ಆಗಲೇ ಬೆವರುತ್ತಿದೆ. ಒಳಗೆ, ಸರ್ವರ್‌ಗಳ ಕೋಣೆಯಲ್ಲಿ, ಲೋಲಾಕ್ಷಿ ಉಣ್ಣೆಯ ಸ್ವೆಟರ್ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಕೈಕಟ್ಟಿ ನಿಂತಿದ್ದಾರೆ. ಎಸಿಯ ಚಳಿಗೆ ಸ್ವೆಟರ್, ನೂರಾರು ಫ್ಯಾನ್‌ಗಳ ಗದ್ದಲಕ್ಕೆ ಹತ್ತಿ. ಎದುರಿನ ಕಪ್ಪು ಪರದೆಯಲ್ಲಿ ‘ಕರ್ನಲ್ ಪ್ಯಾನಿಕ್’ ಎಂಬ ಸಾಲು ಬಿದ್ದಿದೆ. ಅಂದರೆ ಯಂತ್ರ ನೆಲಕಚ್ಚಿದೆ. ಅದರ ಕೆಳಗೆ ಶೇಕಡಾ ಲೆಕ್ಕವೊಂದು ಬಲು ನಿಧಾನವಾಗಿ ಏರುತ್ತಿದೆ.

ಫೋನಿನಲ್ಲಿ ಮ್ಯಾನೇಜರ್ ಮನೀಷ್ ಕೂಗಾಡುತ್ತಿದ್ದಾರೆ. “ಮೇಡಂ, ರೀಸ್ಟಾರ್ಟ್ ಮಾಡಿ ನಾ! ಲ್ಯಾಬ್‌ನವರು ದಿಮಾಗ್ ತಿಂತಿದ್ದಾರೆ!”

“ಸ್ವಲ್ಪ ಹೊತ್ತು ಕೊಡಿ ಮಾರಾಯ್ರೆ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ” ಎನ್ನುತ್ತಾರೆ ಲೋಲಾಕ್ಷಿ. ಫೋನನ್ನು ಮೇಜಿನ ಮೇಲೆ ಮಗುಚಿ ಇಡುತ್ತಾರೆ.

ಥಾಣೆ, ಕಲ್ಯಾಣ್, ಮುಂಬ್ರಾ ಕಡೆಯ ರಕ್ತಪರೀಕ್ಷೆಯ ಲ್ಯಾಬುಗಳೆಲ್ಲ ನಡೆಯುವುದು ಈ ಲಿನಕ್ಸ್ ಸರ್ವರ್ ಮೇಲೆ. ಇದು ಬಿದ್ದರೆ ಹೆಸರು ನೋಂದಾಯಿಸುವ ಚೀಟಿ ಹರಿಯುವುದಿಲ್ಲ, ರಿಪೋರ್ಟ್ ಬರುವುದಿಲ್ಲ. ಬೀಳುವುದಾದರೂ ಯಾವಾಗ? ಜನ ಬರಿಹೊಟ್ಟೆಯಲ್ಲಿ ಸಾಲು ಹಚ್ಚುವ ಬೆಳಗಿನ ಹೊತ್ತಿಗೇ! “ಅಲ್ಲಿ ಯಾರೋ ಶುಗರಿನ ಅಜ್ಜಿ ಚಾ ಕೂಡ ಕುಡಿಯದೆ ಕೂತಿರ್ತಾರೆ. ನಂಗೆ ಗೊತ್ತಾಗುದಿಲ್ವಾ? ಆದ್ರೆ ಈಗ ಒತ್ತಿದ್ರೆ ನಾಳೆ ಪುನಃ ಬೀಳ್ತದೆ, ನಾಡಿದ್ದೂ ಬೀಳ್ತದೆ” ಎನ್ನುತ್ತಾರೆ ಲೋಲಾಕ್ಷಿ.

ಯಂತ್ರದ ಒಳಗಿನ ಎಲ್ಲ ಕೆಲಸವನ್ನೂ ಹಂಚಿ ನಡೆಸುವ ತಿರುಳಿಗೆ ಕರ್ನಲ್ ಎಂದು ಹೆಸರು. ಅದು ಕೆಟ್ಟು ನಿಂತಾಗ, ಮೊದಲೇ ಮೂಲೆಯಲ್ಲಿ ಕೂರಿಸಿಟ್ಟ ಪುಟ್ಟ ಕರ್ನಲ್ ಒಂದು ಎದ್ದು, ಸಾಯುವ ಕ್ಷಣದಲ್ಲಿ ಯಂತ್ರದ ನೆನಪಿನಲ್ಲಿ ಏನೇನಿತ್ತೋ ಎಲ್ಲವನ್ನೂ ಡಿಸ್ಕಿಗೆ ಬರೆದಿಡುತ್ತದೆ. ಅದು ಮುಗಿಯುವ ಮೊದಲು ಯಾರಾದರೂ ರೀಸ್ಟಾರ್ಟ್ ಒತ್ತಿದರೆ ಎಲ್ಲ ಅಳಿಸಿಹೋಯಿತು. ಗಂಡ ಧರ್ಮಪಾಲ ಥಾಣೆಯ ಹೋಟೆಲೊಂದರಲ್ಲಿ ಕ್ಯಾಪ್ಟನ್, ಅಂದರೆ ಮಾಣಿಗಳ ಮೇಲ್ವಿಚಾರಕ. ಹಾಗಾಗಿ ಲೋಲಾಕ್ಷಿಯ ಬಾಯಲ್ಲಿ ಬರುವುದೂ ಹೋಟೆಲಿನ ಮಾತೇ. “ತಿಂದವರಿಗೆ ಹೊಟ್ಟೆ ಕೆಟ್ಟಿತು ಅಂತ ಗಡಿಬಿಡಿಯಲ್ಲಿ ಪಾತ್ರೆ ತೊಳೆದಿಟ್ರೆ, ಸಾಂಬಾರು ಹಳಸಿದ್ದೋ ಚಟ್ನಿ ಹಳಸಿದ್ದೋ ಎಂತ ಗೊತ್ತಾಗ್ತದೆ? ಇಲ್ಲಿ ಎಲ್ಲರಿಗೂ ಪಾತ್ರೆ ತೊಳೆಯುವುದೇ ಅರ್ಜೆಂಟು.”

ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಡೊಂಬಿವಲಿಗೆ ಬಂದವರು ಲೋಲಾಕ್ಷಿ. ಮೊದಲು ಬೇಲಾಪುರದ ಆಫೀಸೊಂದರಲ್ಲಿ ಟೈಪಿಂಗ್. ಯಂತ್ರ ಕೆಟ್ಟಾಗಲೆಲ್ಲ ರಿಪೇರಿಯವನ ಬೆನ್ನ ಹಿಂದೆ ನಿಂತು ನೋಡಿ ನೋಡಿ ಸರ್ವರ್ ನೋಡಿಕೊಳ್ಳುವ ಈ ಕೆಲಸ ಹತ್ತಿಸಿಕೊಂಡರು. ಈಗ ನಲವತ್ತೆಂಟು ವಯಸ್ಸು. ಕತ್ತಲು ಹರಿಯುವ ಮೊದಲೇ ಡೊಂಬಿವಲಿ ಲೋಕಲ್ಲು, ಥಾಣೆಯಲ್ಲಿ ಗಾಡಿ ಬದಲು, ಘಣಸೋಲಿಯಿಂದ ಶೇರ್ ರಿಕ್ಷಾ. ಸಂಜೆ ಅದೇ ದಾರಿ ಉಲ್ಟಾ. ಸೊಂಟ ಹಿಡಿದಿದೆ, ಕಣ್ಣು ಉರಿಯುತ್ತದೆ, ಹಬ್ಬದ ದಿನವೂ ಫೋನ್ ಬಡಿದುಕೊಳ್ಳುತ್ತದೆ. “ಎಲ್ಲ ಸರಿ ಇದ್ದ ದಿನ ನಾನು ಇದ್ದೇನೆ ಅಂತಲೇ ಯಾರಿಗೂ ನೆನಪಿರುದಿಲ್ಲ. ಬಿದ್ದ ದಿನ ಮಾತ್ರ ಎಲ್ಲರಿಗೂ ನಾನೇ ಬೇಕು. ಸಾಕಾಗಿದೆ ನೋಡಿ” ಎಂದು ನೇರವಾಗಿಯೇ ಹೇಳುತ್ತಾರೆ.

ಮನೆಯಲ್ಲಾದರೂ ಇವರ ಕೆಲಸ ಏನೆಂದು ಗೊತ್ತೇ ಎಂದರೆ, ಅಯ್ಯೋ! ಅತ್ತೆ ಸುಗುಣಾ ಅವರಂತೂ, ಲೋಲಾಕ್ಷಿಯ ಆಫೀಸಿನಲ್ಲಿ ಮಿಲಿಟರಿಯಿಂದ ರಿಟೈರ್ ಆದ ಕರ್ನಲ್ ಒಬ್ಬರಿದ್ದಾರೆ, ಪಾಪ, ಆಗಾಗ ಗಾಬರಿಬಿದ್ದು ಸೊಸೆಯನ್ನು ಕರೆಸುತ್ತಾರೆ ಎಂದೇ ವರ್ಷಗಟ್ಟಲೆ ನಂಬಿದ್ದರು. “ಇವತ್ತೂ ಹೆದರಿದ್ರಾ ನಿಮ್ಮ ಸಾಹೇಬ್ರು?” ಎಂದು ತುಳುವಿನಲ್ಲಿ ಕೇಳುತ್ತಾರೆ. ಮೊಮ್ಮಗಳು ಪ್ರೇಕ್ಷಾ “ಅಜ್ಜೀ, ಕರ್ನಲ್ ಆದ್ಮಿ ನಹೀ ಹೈ!” ಎಂದು ತಲೆ ಚಚ್ಚಿಕೊಂಡರೂ ಅವರಿಗೆ ಪೂರ್ತಿ ನಂಬಿಕೆ ಬಂದಂತಿಲ್ಲ.

ಇವತ್ತು ಲೋಲಾಕ್ಷಿ ಹಟ ಹಿಡಿದು ನಿಲ್ಲುವುದಕ್ಕೆ ಬೇರೆಯೇ ಕಾರಣವಿದೆ. ರಾತ್ರಿ ಪಾಳಿಯ ಅಂಬಾದಾಸ, ಕಲಬುರಗಿ ಕಡೆಯ ಹುಡುಗ, ಬದಲಾಪುರದಲ್ಲಿ ಮನೆ. ಹೋದ ತಿಂಗಳು ಅವನು ಈ ಯಂತ್ರಕ್ಕೆ ಅಪ್‌ಡೇಟ್ ಹಾಕಿದ, ಮರುಬೆಳಿಗ್ಗೆಯೇ ಅದು ಮೊದಲ ಸಲ ಬಿತ್ತು. ಅಷ್ಟೇ ಸಾಕಾಯಿತು. ‘ಸಿಬ್ಬಂದಿಯ ತಪ್ಪು’ ಎಂದು ಅವನ ಹೆಸರು ಬರೆದು ರಿಪೋರ್ಟ್ ತಯಾರಾಯಿತು. ಅದು ಹೀಗೆಯೇ ಮೇಲೆ ಹೋದರೆ ತಿಂಗಳ ಕೊನೆಗೆ ಅವನ ಕಾಂಟ್ರ್ಯಾಕ್ಟ್ ಮುಗಿದಂತೆ. “ಅಕ್ಕಾ, ನಾ ಎಲ್ಲಾ ಸರಿ ನೋಡೇ ಹಾಕೀನ್ರೀ. ಆದ್ರ ನನ್ನ ಮಾತ ಯಾರ್ ಕೇಳ್ತಾರ್ರೀ?” ಎಂದು ಕ್ಯಾಂಟೀನಿನಲ್ಲಿ ಅತ್ತುಬಿಟ್ಟನಂತೆ.

ಅವನದಲ್ಲ ತಪ್ಪು ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ. ಪ್ರತಿ ಸಲವೂ ಯಾರೋ ಒಬ್ಬರು ರೀಸ್ಟಾರ್ಟ್ ಒತ್ತಿಬಿಡುತ್ತಿದ್ದರು. ಹೋದ ವಾರ ಯಾರೂ ಒತ್ತಲಿಲ್ಲ, ಆದರೆ ಪುಟ್ಟ ಕರ್ನಲ್ಲೂ ಬಿತ್ತು. “ಅದಕ್ಕೆ ಇಡಬೇಕಾದಷ್ಟು ಜಾಗ ನಾನು ಇಟ್ಟಿರ್ಲಿಲ್ಲ. ತಪ್ಪು ನಂದೇ. ಆ ರಾತ್ರಿ ಊಟ ಸೇರ್ಲಿಲ್ಲ.” ಜಾಗ ಹೆಚ್ಚಿಸಿಟ್ಟ ಮೇಲೆ ಯಂತ್ರ ಬಿದ್ದದ್ದು ಇದೇ ಮೊದಲು. ಇದೂ ಕೈತಪ್ಪಿದರೆ ಇನ್ನೊಂದಕ್ಕೆ ಕಾಯುವಷ್ಟು ದಿನ ಅಂಬಾದಾಸನಿಗಿಲ್ಲ.

ಶೇಕಡಾ ನೂರು ಮುಟ್ಟುತ್ತದೆ. ಯಂತ್ರ ತಾನೇ ಮತ್ತೆ ಏಳುತ್ತದೆ, ಲ್ಯಾಬುಗಳಲ್ಲಿ ಸಾಲು ಸರಿಯತೊಡಗುತ್ತದೆ. ಲೋಲಾಕ್ಷಿ ಗೋಡೆಗೊರಗಿ ಒಂದು ನಿಮಿಷ ಕಣ್ಣು ಮುಚ್ಚುತ್ತಾರೆ. ಆಮೇಲೆ ತಣ್ಣಗಾದ ಚಹಾ ಹಿಡಿದುಕೊಂಡು, ಬರೆದಿಟ್ಟದ್ದನ್ನು ಕೊನೆಯಿಂದ ಹಿಂದಕ್ಕೆ ಓದಲು ಕೂರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಕಳ್ಳ ಸಿಗುತ್ತಾನೆ. ಅಂಬಾದಾಸನ ಅಪ್‌ಡೇಟ್ ಅಲ್ಲ. ಅದೇ ವಾರ ಹೆಡ್ ಆಫೀಸ್ ಎಲ್ಲ ಯಂತ್ರಗಳಿಗೂ ಕಡ್ಡಾಯ ಮಾಡಿದ್ದ ಆಂಟಿವೈರಸ್! ಬೆಳಿಗ್ಗೆ ಲ್ಯಾಬುಗಳಿಂದ ಫೈಲುಗಳು ಒಟ್ಟಿಗೆ ನುಗ್ಗಿದಾಗ ಅದು ಕರ್ನಲ್ಲಿನ ಒಳಗೇ ಎಡವಿ ಬೀಳುತ್ತಿದೆ, ಬೀಳುವಾಗ ಯಂತ್ರವನ್ನೂ ಕೆಡವುತ್ತಿದೆ.

ಮನೀಷ್ ಖುದ್ದಾಗಿ ಬಂದು ಎರಡು ಸಲ ಓದಿ ಬೆವರು ಒರೆಸಿಕೊಳ್ಳುತ್ತಾರೆ. ಆಂಟಿವೈರಸ್ ತೆಗೆಸಲು ಒಪ್ಪುತ್ತಾರೆ. “ಆದ್ರೆ ಹೆಡ್ ಆಫೀಸ್ ಮೇಲೆ ಹಾಕೋದು ಬೇಡ ಮೇಡಂ. ‘ತಾಂತ್ರಿಕ ಕಾರಣ’ ಅಂತ ಬರೆದು ಮ್ಯಾಟರ್ ಖತಂ ಮಾಡೋಣ.”

“ಬರೀತೇನೆ. ಅಂಬಾದಾಸನ ಹೆಸರು ತೆಗೀತೀರಾ?”

“ಅದು ನೋಡೋಣ.”

“ನೋಡುದೆಲ್ಲ ಬೇಡ. ಈಗ ನನ್ನೆದುರು ತೆಗೀರಿ. ಇಲ್ಲದಿದ್ರೆ ಸಿಕ್ಕಿದ್ದನ್ನೆಲ್ಲ ಬರೆದು ಎಲ್ಲರಿಗೂ ಕಳಿಸ್ತೇನೆ.”

ಮನೀಷ್ ಕೀಬೋರ್ಡ್ ಎಳೆದುಕೊಂಡು ಆ ಹೆಸರು ಅಳಿಸುತ್ತಾರೆ.

ನಿಜವನ್ನು ಪೂರ್ತಿ ಬರೆಯಲಾಗಲಿಲ್ಲ ಎಂಬ ಬೇಸರ ಲೋಲಾಕ್ಷಿಗಿದೆ. ಅದನ್ನು ಅವರು ಮುಚ್ಚಿಡುವುದಿಲ್ಲ. ಜಗಳ ಮುಂದುವರಿಸುವಷ್ಟು ತ್ರಾಣ ಇರಲಿಲ್ಲ ಎನ್ನುತ್ತಾರೆ. ಅಂಬಾದಾಸನಿಗೆ ಫೋನ್ ಮಾಡಿದರೆ ಆ ಕಡೆಯಿಂದ ಬಿಕ್ಕುವುದು ಕೇಳುತ್ತದೆ. “ಆಯ್ತು ಮಾರಾಯ, ಅಳ್ಬೇಡ. ಮಲಗು ಈಗ, ರಾತ್ರಿ ಡ್ಯೂಟಿ ಉಂಟಲ್ಲ” ಎಂದು ಇಟ್ಟುಬಿಡುತ್ತಾರೆ.

ನಮ್ಮ ಪತ್ರಿಕೆಯ ಪುರವಣಿಯಲ್ಲಿ ನಿಮ್ಮ ಹೆಸರು ಬರುತ್ತದೆ, ಖುಷಿಯೇ ಎಂದು ಕೇಳಿದರೆ ಸ್ವೆಟರ್ ಮಡಚುತ್ತಾ ನಗುತ್ತಾರೆ.

“ನನ್ನ ಹೆಸರು ಬಂದ್ರೆ ಬರ್ಲಿ, ಬಿಟ್ರೆ ಬಿಡಿ. ಒಬ್ಬನ ಹೆಸರು ಬರ್ಬಾರ್ದ ಕಡೆ ಬಂದಿತ್ತು. ಅದನ್ನು ತೆಗೆಸಿದ್ದು ನಾನು.”